ಇನ್ನೊಂದು ಲಿಫ್ಟ್

ಬಿಜೈಯ ಆ ಕಟ್ಟಡಕ್ಕೆ ಎರಡು ಲಿಫ್ಟು.
ಒಂದರಲ್ಲಿ ಕನ್ನಡಿ ಇತ್ತು, ಫ್ಯಾನೂ ಇತ್ತು.
ಇನ್ನೊಂದರಲ್ಲಿ ಗ್ಯಾಸ್ ಸಿಲಿಂಡರು, ಕಸದ ಬಕೆಟ್ಟು,
ಮೀನಿನ ನೀರು ಸೋರುವ ತೊಟ್ಟೆ, ನಾಯಿ, ಅವ್ವ.
ಕಲೆ ಬೀಳ್ತದೆ ಎಂದು ಯಾರೋ ಗದರಿದ ಮೇಲೆ
ಗುಂಡಿಯನ್ನು ಅವಳು ಬೆರಳ ಗೆಣ್ಣಿನಿಂದ ಒತ್ತುತ್ತಿದ್ದಳು.

ಲಿಫ್ಟು ಬರುವ ಮುಂಚೆ ಅಲ್ಲಿ ಬರೀ ಬಾವಿ,
ಆಕಾಶದ ಕಡೆಗೆ ತೋಡಿದ ಬಾವಿ.
ಅಪ್ಪ ಮೇಲೆ ಸಿಮೆಂಟು ಬುಟ್ಟಿ ದಾಟಿಸುವಾಗ
ನಾನು ತಳದಲ್ಲಿ ನಿಂತು ನನ್ನನ್ನೇ ಕರೆಯುತ್ತಿದ್ದೆ:
ಹುಲಿಗೆವ್ವಾ!
ಒಂಬತ್ತು ಮಾಳಿಗೆ ಹತ್ತಿ, ಯಾರನ್ನೂ ಕೇಳದೆ,
ಇನ್ನಷ್ಟು ದಪ್ಪಗಾಗಿ ಮರಳುತ್ತಿತ್ತು ಹೆಸರು.

ಶಾಲೆಯಲ್ಲಿ ಅದು ಸಿಕ್ಕಿಬಿತ್ತು.
ನವರಾತ್ರಿ ಹತ್ತಿರ ಬಂದಾಗ ಹಿಂದಿನ ಬೆಂಚಿನವರು
ಡೆಸ್ಕಿನ ಮೇಲೆ ತಾಸೆ ಬಡಿದರು,
ಹುಲಿ ಬಂತು, ಘಟ್ಟದ ಹುಲಿ.
ಕೆಟ್ಟವರೇನಲ್ಲ. ಅವರ ಜೊತೆ ನಾನೂ ನಕ್ಕೆ,
ಸ್ವಲ್ಪ ಜೋರಾಗಿಯೇ. ಆಮೇಲೆ ಮಧ್ಯಾಹ್ನ
ರೊಟ್ಟಿಯ ಡಬ್ಬಿಯನ್ನು ಚೀಲದೊಳಗೇ ತೆರೆದು
ಚೀಲದೊಳಗೇ ಮುರಿದು ತಿಂದೆ.

ಆ ವರ್ಷವೇ ನಾಲಿಗೆ ಬದಲಿಸಿದೆ.
ಐತಿ ಹೋಗಿ ಉಂಟು ಬಂತು, ಏನು ಹೋಗಿ ಎಂತ.
ತುಳು ಕಲಿತದ್ದು ಸಿಟಿ ಬಸ್ಸಿನಲ್ಲಿ, ಕಂಡಕ್ಟರನ ಬಾಯಿಂದ,
ಮೊದಲು ಬೈಗುಳ, ಆಮೇಲೆ ಊರುಗಳು, ಕೊನೆಗೆ ಸುಳ್ಳು.
ಇಲ್ಲ್ ಓಲು ಎಂದು ಯಾರಾದರೂ ಕೇಳಿದರೆ
ಮೂಡುಬಿದಿರೆ ಅನ್ನದೆ ಬೆದ್ರ ಅನ್ನುವಷ್ಟು ಪಳಗಿದ್ದೆ.

ಒಂದು ಸಂಜೆ ಕಂಕನಾಡಿಯ ಬಸ್‌ಸ್ಟಾಪಿನಲ್ಲಿ
ಗುದ್ದಲಿ, ಬುಟ್ಟಿ ಹಿಡಿದು ನಿಂತಿದ್ದರು ಹತ್ತು ಜನ.
ಯಾರವರು? ಜೊತೆಯವಳು ಕೇಳಿದಳು.
ಘಟ್ಟದಕ್ಲು, ಎಂದೆ.
ಎಷ್ಟು ಸಲೀಸಾಗಿ ಬಂತು.
ಗುಂಪಿನಲ್ಲಿ ಚಿಕ್ಕವ್ವ ಇದ್ದಳು. ನೋಡಿದಳು.
ಗುರುತಿಲ್ಲದವಳ ಹಾಗೆ ಮುಖ ತಿರುಗಿಸಿ
ನನಗೆ ಸಹಾಯ ಮಾಡಿದಳು.

ಅದೇ ಮಳೆಗಾಲ ಅವ್ವನ ಲಿಫ್ಟು ಕೆಟ್ಟಿತು.
ಇವತ್ತೊಂದಿನ ಇದರಲ್ಲೇ ಹೋಗಿ ಮಾರಾಯ್ರೆ,
ಅಂದ ವಾಚ್‌ಮನ್ ದೂಮಣ್ಣ.
ಬಾಗಿಲು ತೆರೆಯಿತು. ಅವ್ವ ಥಟ್ಟನೆ ಬದಿಗೆ ಸರಿದಳು,
ಒಳಗಿರುವ ಹೆಂಗಸು ಮೊದಲು ಇಳಿಯಲಿ ಎಂದು.
ಆ ಹೆಂಗಸೂ ಬದಿಗೆ ಸರಿದಳು.
ಬರ್ರೀ, ಇಳೀರ್ರೀ, ಅಂದಳು ಅವ್ವ.
ಅವಳು ಉಟ್ಟದ್ದು ಏಳನೇ ಮಾಳಿಗೆಯ ಅಮ್ಮ ಕೊಟ್ಟ ಹಳೇ ಸೀರೆ.
ಕಣ್ಣೆತ್ತದವಳಿಗೆ ಕನ್ನಡಿಯಲ್ಲಿ ಕಂಡದ್ದು
ಅದರ ಅಂಚು ಮಾತ್ರ.

ದೂಮಣ್ಣ ನಕ್ಕ. ಬಾಗಿಲು ಮುಚ್ಚಿತು.
ನಾವು ಮೆಟ್ಟಿಲು ಹತ್ತಿದೆವು.
ಮೂರನೇ ತಿರುವಿನಲ್ಲಿ ಏದುಸಿರಿನ ನಡುವೆ ಕೇಳಿದಳು,
ಯವ್ವಾ, ಅಷ್ಟ ಮುದುಕಿ ಆಗೀನೇನ?

ಈಗ ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದೇನೆ.
ಬಿಳಿ ಕೋಟು. ಗುರುತಿನ ಚೀಟಿಯಲ್ಲಿ ಹೆಸರು
ಒಂದೇ ಅಕ್ಷರಕ್ಕೆ ಮುದುಡಿದೆ, ಪಕ್ಕದಲ್ಲೊಂದು ಚುಕ್ಕಿ.
ಗುಂಡಿಯನ್ನು ಗೆಣ್ಣಿನಿಂದಲೇ ಒತ್ತುತ್ತೇನೆ,
ಕೊರೊನಾ ಕಾಲದ ಅಭ್ಯಾಸ ಅಂದುಕೊಂಡಿದ್ದಾರೆ ಎಲ್ಲರೂ.
ಖಾಲಿ ಲಿಫ್ಟಿನಲ್ಲೂ ಮೂಲೆ ಹಿಡಿಯುತ್ತೇನೆ,
ಇನ್ನೂ ಆರು ಮಂದಿ ಬರಲಿಕ್ಕುಂಟು ಎನ್ನುವ ಹಾಗೆ.

ನಿನ್ನೆ ಒಂದು ಹುಡುಗಿ, ಅಪ್ಪನ ಸೊಂಟದ ಮೇಲೆ,
ಬಿಸ್ಕೆಟ್ಟು ಅಂಟಿದ ಅಂಗೈಯನ್ನು ಪೂರ್ತಿ ಚಾಚಿ
ಎಲ್ಲ ಗುಂಡಿಗಳನ್ನೂ ಒತ್ತಿಬಿಟ್ಟಳು.
ತಟ್ಟಿ ಸರಿಸಲು ಎದ್ದಿತ್ತು ನನ್ನ ಕೈ.
ಅವಳಪ್ಪ ಅಷ್ಟರಲ್ಲೇ, ತಪ್ಪಾತ್ರೀ ಮೇಡಮ್ಮರ, ಎನ್ನುತ್ತಾ
ಮೂಲೆಗೆ ಒತ್ತಿಕೊಂಡಿದ್ದ.
ನನ್ನ ಮೂಲೆ.
ಬಾಯಿ ತೆರೆದೆ. ಯಾವ ನಾಲಿಗೆ ಹೊರಬರುತ್ತದೋ
ಎಂದು ಅಂಜಿ ಮುಚ್ಚಿದೆ.

ಎರಡು. ಮೂರು. ನಾಲ್ಕು.
ಪ್ರತಿ ಮಾಳಿಗೆಯಲ್ಲೂ ಬಾಗಿಲು ತೆರೆಯಿತು,
ಯಾರೂ ಹತ್ತಲಿಲ್ಲ.
ಹುಡುಗಿ ಪ್ರತಿ ಸಲವೂ
ಖಾಲಿ ಕಾರಿಡಾರಿಗೆ ಟಾಟಾ ಮಾಡಿದಳು.